ಹಿಂದೆ ಕುಸಿದ ಕಾರು, ಟಕ್ ಟಕ್ ಸದ್ದು: ನನ್ನ ಅನುಭವ

ನನ್ನ ಹಳೆ ಪುಟ್ಟ ಕಾರು ಹಂಪ್ ಹತ್ತಿ ಇಳಿದಾಗಲೆಲ್ಲ ಹಿಂದಿನಿಂದ ಟಕ್ ಅಂತ ಸದ್ದು ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಸಾಕು, ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದು ಕಂಡು ಎರಡನ್ನೂ ಬದಲಿಸಿದೆ. ಓಲಾಟ ನಿಂತಿತು, ಆದರೆ ಸದ್ದೂ ಹೋಗಲಿಲ್ಲ, ಕಾರೂ ಮೇಲೇಳಲಿಲ್ಲ. ಏಳುವುದಾದರೂ ಹೇಗೆ? ಭಾರ ಹೊರುವುದು ಸ್ಪ್ರಿಂಗ್ ಅಲ್ವಾ, ಶಾಕ್ ಅಬ್ಸಾರ್ಬರ್ ಕುಲುಕಾಟ ತಡೆಯುತ್ತದೆ ಅಷ್ಟೇ.

ಆಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಅಳೆದೆ. ಎಡಗಡೆ 2 ಸೆಂ.ಮೀ. ಕಡಿಮೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಬಗ್ಗಿ ನೋಡಿದರೆ ಸ್ಪ್ರಿಂಗಿನ ಕೊನೆಯ ಸುತ್ತು ಮುರಿದು, ಸ್ಪ್ರಿಂಗ್ ಕೂರುವ, ಕೆಸರು ತುಂಬಿದ ರಬ್ಬರ್ ಸೀಟಿನೊಳಗೆ ಸುಮ್ನೆ ಕೂತಿತ್ತು! ಬೆರಳಲ್ಲಿ ಕೆಸರು ಕೆರೆದ ಮೇಲೆಯೇ ಆ ತುಕ್ಕು ಹಿಡಿದ ತುಂಡು ಕಂಡಿದ್ದು.

ಸ್ಪ್ರಿಂಗ್ ಜೋಡಿಯಾಗಿಯೇ ಬದಲಿಸಿದೆ, ಒಂದೇ ಹಾಕಿದರೆ ಕಾರು ಓರೆ ನಿಲ್ಲುತ್ತದೆ. ಆಕ್ಸಲ್ ಕಾರಿಗೆ ಸೇರುವ ಕಡೆ ಇರುವ, ಬಿರುಕು ಬಿಟ್ಟಿದ್ದ ರಬ್ಬರ್ ತುಂಡುಗಳಾದ ಆಕ್ಸಲ್ ಬುಶ್‌ಗಳನ್ನೂ ಹೊಸದು ಹಾಕಿದೆ. ಅವುಗಳ ಬೋಲ್ಟನ್ನು ಮಾತ್ರ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಪೂರ್ತಿ ಬಿಗಿ ಮಾಡಬೇಕು, ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈಗ ಎರಡೂ ಕಡೆ ಒಂದೇ ಅಳತೆ. ಕೊನೆಗೆ ಉಳಿದಿದ್ದ ಸಣ್ಣ ಸದ್ದು? ಡಿಕ್ಕಿಯಲ್ಲಿ ಸಡಿಲವಾಗಿದ್ದ ಸ್ಟೆಪ್ನಿಯದು.