ಮಾರ್ಕಾನ್ಷಿಯಾದ ರೈಝಾಯ್ಡು, ರಾಗಿಯ ಬೇರುರೋಮ: ನನ್ನ ಅನುಭವ

ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರ ಕಲಿಸುವ ನಾನು, ಲಿವರ್‌ವರ್ಟ್‌ಗಳೆಂಬ ಬೇರಿಲ್ಲದ ಪುಟ್ಟ ನೆಲಸಸ್ಯಗಳನ್ನು ಫಾರ್ಮಲಿನ್ ಸೀಸೆಯಲ್ಲಿ ತೋರಿಸುವುದನ್ನು ಬಿಟ್ಟು ಜೀವಂತವಾಗಿ ಬೆಳೆಸತೊಡಗಿದೆ. ಕೊಡಗಿನ ಒದ್ದೆ ದರೆಯಿಂದ ತಂದ ಮಾರ್ಕಾನ್ಷಿಯಾ ಎಂಬ ಲಿವರ್‌ವರ್ಟ್‌ನ ಮೈಮೇಲಿನ ಬಟ್ಟಲುಗಳಿಂದ ಜೆಮ್ಮಾಗಳನ್ನು (ಹೊಸ ಸಸ್ಯವಾಗಿ ಬೆಳೆಯುವ ಪುಟ್ಟ ತುಣುಕುಗಳನ್ನು) ತೆಗೆದು, ತೆಳುವಾದ ಬ್ಲೀಚ್ ದ್ರಾವಣದಲ್ಲಿ ಅದ್ದಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಪ್ರೆಷರ್ ಕುಕ್ಕರಿನಲ್ಲಿ ಶುದ್ಧೀಕರಿಸಿದ ಅಗರ್ ಮಾಧ್ಯಮದ ಮೇಲೆ ಇಡುತ್ತೇನೆ. ಇದಕ್ಕೆ 20ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತವಾದ್ದರಿಂದ ಈ ಕೆಲಸವನ್ನು ನಮ್ಮ ಊರಿನ ಚಳಿಗಾಲಕ್ಕೇ ಮೀಸಲಿಡುತ್ತೇನೆ.

ಬಟ್ಟಲಿನ ತಳದ ಒಂದೇ ಕೋಶದಿಂದ ಹುಟ್ಟುವ ಜೆಮ್ಮಾಕ್ಕೆ ಮೇಲು ಕೆಳಗು ಎಂಬುದು ಮೊದಲೇ ನಿಗದಿಯಾಗಿರುವುದಿಲ್ಲ. ಬಿದ್ದ ಮೇಲೆ ಬೆಳಕು ಮತ್ತು ಗುರುತ್ವದ ಸುಳಿವಿನಂತೆ ಕೆಳಮುಖದಿಂದ ಸೂಕ್ಷ್ಮ ಎಳೆಗಳಾದ ರೈಝಾಯ್ಡುಗಳು ಹೊರಡುತ್ತವೆ. ಒಮ್ಮೆ ಈ ವ್ಯತ್ಯಾಸ ಸ್ಥಿರವಾಯಿತೆಂದರೆ ಮಗುಚಿಟ್ಟರೂ ಅದು ಬದಲಾಗುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಮಗುಚಿ ನೋಡುವ ಈ ಪ್ರಯೋಗ ನನಗೆ ಅತ್ಯಂತ ಪ್ರಿಯವಾದದ್ದು.

ಬಳಿಕ ಅದೇ ಸೂಕ್ಷ್ಮದರ್ಶಕದಡಿ, ಒದ್ದೆ ಕಾಗದದ ಮೇಲೆ ಮೊಳೆತ ರಾಗಿಯ ಬೇರನ್ನು ಇಡಿಸುತ್ತೇನೆ. ಮಾರ್ಕಾನ್ಷಿಯಾದ ರೈಝಾಯ್ಡು ಒಂದೇ ಕೋಶದ ನೀಳ ನಳಿಕೆ. ರಾಗಿಯ ಬೇರುರೋಮವೂ ಒಂದೇ ಕೋಶ, ಅದೂ ತುದಿಯಿಂದಲೇ ಉದ್ದವಾಗುತ್ತದೆ. ಆದರೆ ಮೊದಲನೆಯದು ಏಕಗುಣಿತ (ಕೋಶದಲ್ಲಿ ಪ್ರತಿ ಜೀನಿನ ಒಂದೇ ಪ್ರತಿಯಿರುವ) ಪೀಳಿಗೆಯದು, ಎರಡನೆಯದು ದ್ವಿಗುಣಿತ (ಜೋಡಿ ಪ್ರತಿಯಿರುವ) ಪೀಳಿಗೆಯದು. ಹೀಗಿದ್ದರೂ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಹೂಬಿಡುವ ಸಸ್ಯ ಅರಾಬಿಡಾಪ್ಸಿಸ್‌ನಲ್ಲಿ ಬೇರುರೋಮಗಳನ್ನು ಮೂಡಿಸುವ ಆರ್‌ಎಸ್‌ಎಲ್ ಗುಂಪಿನ ಜೀನುಗಳ ಬಂಧುಗಳೇ ಪಾಚಿಸಸ್ಯ (ಮಾಸ್) ಫಿಸ್ಕೊಮಿಟ್ರೆಲ್ಲಾದಲ್ಲಿ ರೈಝಾಯ್ಡುಗಳನ್ನು ಮೂಡಿಸುತ್ತವೆಂದು 2007ರಲ್ಲಿ ತಿಳಿದುಬಂತು. 2016ರಲ್ಲಿ ಮಾರ್ಕಾನ್ಷಿಯಾದಲ್ಲೂ ಅದೇ ಜೀನು ಕೆಟ್ಟಾಗ ರೈಝಾಯ್ಡುಗಳು ಬರುವುದಿಲ್ಲವೆಂಬುದು ಸ್ಪಷ್ಟವಾಯಿತು.

ಆದ್ದರಿಂದ ರೈಝಾಯ್ಡೇ ಬೇರಿನ ಪೂರ್ವಜ ಎಂದು ಪಾಠ ಹೇಳುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಬೇರೆಂಬ ಅಂಗ ನಂತರ, ಬೇರೆಯದೇ ಪೀಳಿಗೆಯಲ್ಲಿ ರೂಪುಗೊಂಡಿತು. ಕೋಶವೊಂದನ್ನು ನೆಲದೊಳಕ್ಕೆ ಚಾಚಿಸುವ ಹಳೆಯ ಜೀನುವ್ಯವಸ್ಥೆಯನ್ನು ಅದು ತನ್ನದಾಗಿಸಿಕೊಂಡಿತು. ಈ ಭೇದವನ್ನು ಪರೀಕ್ಷಿಸಲು ಮಾರ್ಕಾನ್ಷಿಯಾ ಏಕೆ ಅನುಕೂಲವೆಂದೂ ವಿವರಿಸುತ್ತೇನೆ: ದೇಹವೇ ಏಕಗುಣಿತವಾದ್ದರಿಂದ ಕೆಟ್ಟ ಜೀನನ್ನು ಮರೆಮಾಡುವ ಜೋಡಿ ಪ್ರತಿ ಇಲ್ಲ, 2017ರಲ್ಲಿ ಪ್ರಕಟವಾದ ಅದರ ಜೀನೋಮಿನ (ಪೂರ್ಣ ಜೀನು ಸಮೂಹದ) ಸುಮಾರು 19,000 ಜೀನುಗಳಲ್ಲಿ, ಇತರ ಜೀನುಗಳನ್ನು ನಿಯಂತ್ರಿಸುವ ಗುಂಪುಗಳ ಅನೇಕ ಜೀನುಗಳು ಒಂಟಿಯಾಗಿಯೇ ಇವೆ.

ಈಗ ರಾಗಿಯ ಪಕ್ಕದಲ್ಲಿ ಭತ್ತದ ಮೊಳಕೆಯನ್ನೂ ಇಡುತ್ತೇನೆ, ಏಕೆಂದರೆ ಅದರ ಬೇರುರೋಮಗಳನ್ನು ನಿಯಂತ್ರಿಸುವುದೂ ಇದೇ ಗುಂಪಿನ ಜೀನುಗಳು, ಮತ್ತು ಮಣ್ಣಿನಲ್ಲಿ ಸುಲಭವಾಗಿ ಚಲಿಸದ ರಂಜಕವನ್ನು ಹೀರಲು ಬೆಳೆಗಳಿಗೆ ಆ ರೋಮಗಳು ನೆರವಾಗುತ್ತವೆ.