65 ಸಾವಿರಕ್ಕೆ ಗೇಮಿಂಗ್ ಪಿಸಿ: ಒಂದೊಂದು ಪಾರ್ಟನ್ನೂ ಆರಿಸಿದ್ದು ಹೀಗೆ

ಮೊದಲ ಸಲ ಪಿಸಿ ಕಟ್ಟಿಸುವವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರುಮಾಡುತ್ತಾರೆ. ಐ5 ಸಾಕಾ, ಐ7 ಬೇಕಾ ಅಂತ ಯೋಚಿಸುವುದರಲ್ಲೇ ಅರ್ಧ ದುಡ್ಡು ಅಲ್ಲಿಗೆ ಹೋಗಿಬಿಡುತ್ತದೆ. ನಾನು ಶುರುಮಾಡಿದ್ದು ಮಾನಿಟರ್‌ನಿಂದ. ಆಟದಲ್ಲಿ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಅದು ಎಷ್ಟು ಚುಕ್ಕಿ ಬಿಡಿಸಬೇಕು, ಸೆಕೆಂಡಿಗೆ ಎಷ್ಟು ಸಲ ಬಿಡಿಸಬೇಕು ಅನ್ನುವುದು ಮಾನಿಟರ್ ಮೇಲೆ ನಿಂತಿದೆ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿ, 1440ಪಿಯಲ್ಲಿ ಸುಮಾರು 37 ಲಕ್ಷ. ಅಂದರೆ ಮಾನಿಟರ್ ಒಂದು ಮೆಟ್ಟಿಲು ಮೇಲೆ ಹೋದರೆ ಕಾರ್ಡಿನ ಕೆಲಸ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. 65 ಸಾವಿರದ ಮಿತಿಯಲ್ಲಿ 24 ಇಂಚಿನ, 1080ಪಿ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಮಾಸದ ಪರದೆ), 144 ಅಥವಾ 165 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ) ಮಾನಿಟರ್ ಸರಿಯಾದ ಅಳತೆ. ಅದು ನಿಶ್ಚಯವಾದ ಮೇಲೆ ಉಳಿದ ಪಾರ್ಟುಗಳ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.

2024ರಲ್ಲಿ ನಾನು ಹಾಕಿಕೊಂಡ ಲೆಕ್ಕ ಇದು: ಗ್ರಾಫಿಕ್ಸ್ ಕಾರ್ಡ್‌ಗೆ 20,000, ಪ್ರೊಸೆಸರ್‌ಗೆ 11,000, ಮಾನಿಟರ್‌ಗೆ 10,000, ಮದರ್‌ಬೋರ್ಡ್‌ಗೆ 8,200, ಒಂದು ಟಿಬಿ ಎಸ್‌ಎಸ್‌ಡಿಗೆ (ವಿಂಡೋಸ್, ಆಟಗಳು ಉಳಿಯುವ ಜಾಗ) 5,300, ಎಸ್‌ಎಂಪಿಎಸ್‌ಗೆ (ಎಲ್ಲಾ ಪಾರ್ಟಿಗೂ ಕರೆಂಟ್ ಕೊಡುವ ಪೆಟ್ಟಿಗೆ) 4,200, 16 ಜಿಬಿ ರ‍್ಯಾಮ್‌ಗೆ 3,300, ಕ್ಯಾಬಿನೆಟ್‌ಗೆ 3,000. ಕೀಬೋರ್ಡ್, ಮೌಸ್, ಯುಪಿಎಸ್, ವಿಂಡೋಸ್ ಬೇರೆ. 2025ರ ಕೊನೆಯಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಜೋರಾಗಿ ಏರಿರುವುದರಿಂದ ಈ ಎರಡು ಅಂಕಿಗಳನ್ನು ಈಗ ನಂಬಬೇಡಿ. ಆ ಏರಿಕೆಗೆ ಕಾರ್ಡಿನಿಂದಲೋ ಎಸ್‌ಎಂಪಿಎಸ್‌ನಿಂದಲೋ ದುಡ್ಡು ಕೀಳಬಾರದು. ಎಸ್‌ಎಸ್‌ಡಿಯನ್ನು 500 ಜಿಬಿಗೆ ಇಳಿಸಿ, ಬೋರ್ಡಿನಲ್ಲಿ ಒಂದೆರಡು ಸಾವಿರ ಉಳಿಸಿ.

ನಾನು ಆರಿಸಿದ ಕಾರ್ಡು ಎಎಂಡಿಯ ಆರ್‌ಎಕ್ಸ್ 6600. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8-ಪಿನ್ ಕೇಬಲ್. ಈ ಬೆಲೆಯ ಆಸುಪಾಸಿನಲ್ಲಿ ಹೆಸರು ನೋಡಿ ಮೋಸಹೋಗುವ ಕಾರ್ಡುಗಳು ಎರಡಿವೆ. ಒಂದು ಎನ್‌ವಿಡಿಯಾದ ಆರ್‌ಟಿಎಕ್ಸ್ 3050. ಈ ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ವ್ಯತ್ಯಾಸ ಬರೀ ಮೆಮೊರಿಯದಲ್ಲ. 6 ಜಿಬಿ ಕಾರ್ಡಿನಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಇಳಿದಿದೆ. ಅದು 70 ವ್ಯಾಟ್‌ನಲ್ಲಿ ಓಡುತ್ತದೆ, ಬೇರೆ ಪವರ್ ಕೇಬಲ್ ಬೇಡ. ಹಳೇ ಆಫೀಸ್ ಕಂಪ್ಯೂಟರ್‌ಗೆ ಹಾಕಿಕೊಳ್ಳಲು ಒಳ್ಳೆಯದೇ, ಹೊಸದಾಗಿ ಕಟ್ಟುವ ಪಿಸಿಗೆ ಅಲ್ಲ. ಇನ್ನೊಂದು ಆರ್‌ಎಕ್ಸ್ 6500 ಎಕ್ಸ್‌ಟಿ. ಇದರ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಡೇಟಾ ಸ್ಲಾಟಿನ ಮೂಲಕ ಓಡಾಡಬೇಕು. ಆದರೆ ಇದು ಬಳಸುವುದು ಪಿಸಿಐಇಯ (ಕಾರ್ಡನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ) ನಾಲ್ಕೇ ಲೇನ್. ಹಳೇ ಪಿಸಿಐಇ 3.0 ಬೋರ್ಡಿಗೆ ಹಾಕಿದರೆ ಆ ದಾರಿಯೂ ಅರ್ಧವಾಗಿ ಆಟ ತಡೆದು ತಡೆದು ಓಡುತ್ತದೆ. ಜೊತೆಗೆ ಇದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ, ಆಟ ರೆಕಾರ್ಡ್ ಮಾಡುವ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ ಪೆಟ್ಟಿಗೆ ನೋಡಿ ದುಡ್ಡು ಕೊಡಬೇಡಿ, ಪಿಸಿಗೆ ಹಾಕಿ ಓಡಿಸಿ ನೋಡಿ. ಜಿಪಿಯು-ಜಡ್ ಅನ್ನುವ ಸಾಫ್ಟ್‌ವೇರ್ ತೆರೆದರೆ ಒಳಗಿನ ಚಿಪ್ ಯಾವುದು ಅಂತ ಗೊತ್ತಾಗುತ್ತದೆ. ಹಳೇ ಜಿಟಿಎಸ್ 450ಗೆ 1050 ಟಿಐ ಅಂತ ಹೆಸರು ಬರೆದು ಮಾರಿದ್ದುಂಟು. ಆರ್‌ಎಕ್ಸ್ 580ರಲ್ಲಿ 2304 ಕೋರ್ ಇರಬೇಕು, 2048 ತೋರಿಸಿದರೆ ಅದು ಕತ್ತರಿಸಿದ ಮಾದರಿ. ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಸಾಫ್ಟ್‌ವೇರನ್ನು 15 ನಿಮಿಷ ಓಡಿಸಿ. ಪರದೆ ಮೇಲೆ ಬಣ್ಣದ ಚೌಕಗಳು ಕಂಡರೆ, ಪಿಸಿ ತಾನಾಗಿ ಆಫ್ ಆದರೆ ಆ ಕಾರ್ಡ್ ಬಿಟ್ಟುಬಿಡಿ.

ಪ್ರೊಸೆಸರ್ ಎಎಂಡಿಯ ರೈಜೆನ್ 5 5600. ಇದರ ಪಕ್ಕದಲ್ಲೇ ಆಗ ಒಂದೆರಡು ಸಾವಿರ ಕಡಿಮೆಗೆ 5500 ಸಿಗುತ್ತಿತ್ತು. ಅದೂ 6 ಕೋರ್, 12 ಥ್ರೆಡ್. ಆದರೆ 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, 5500ರಲ್ಲಿ 16. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ, ಎಫ್‌ಪಿಎಸ್ (ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) ನೂರು ಇನ್ನೂರು ದಾಟುವ ಆಟಗಳಲ್ಲಿ ಕ್ಯಾಶ್ ಅರ್ಧವಾದದ್ದು ಎದ್ದು ಕಾಣುತ್ತದೆ. 5500 ಮತ್ತು 5600ಜಿ ಎರಡೂ ಪಿಸಿಐಇ 3.0ಕ್ಕೇ ನಿಲ್ಲುತ್ತವೆ, ಬೋರ್ಡ್ ಎಷ್ಟೇ ಹೊಸದಿದ್ದರೂ. ಈಗ ಕಾರ್ಡಿಗೆ ದುಡ್ಡಿಲ್ಲ, ಆರು ತಿಂಗಳು ಬಿಟ್ಟು ಹಾಕುತ್ತೇನೆ ಅನ್ನುವವರಿಗೆ ಮಾತ್ರ 5600ಜಿ, ಯಾಕೆಂದರೆ ಅದರೊಳಗೇ ಗ್ರಾಫಿಕ್ಸ್ ಇದೆ. 5600ರಲ್ಲಿ ಇಲ್ಲ, ಕಾರ್ಡಿಲ್ಲದೆ ಪರದೆಯ ಮೇಲೆ ಏನೂ ಬರುವುದಿಲ್ಲ. ಇಂಟೆಲ್ ಕಡೆ ಐ5-12400ಎಫ್ ಇದಕ್ಕೆ ಸರಿಜೋಡಿ. ನಿಮ್ಮ ಊರಿನಲ್ಲಿ ಬೋರ್ಡ್ ಸೇರಿ ಯಾವುದು ಅಗ್ಗವೋ ಅದನ್ನು ತೆಗೆದುಕೊಳ್ಳಿ. ಒಂದೇ ಎಚ್ಚರಿಕೆ: 12400ಎಫ್‌ಗೆ ಹಾಕುವ ಎಚ್610 ಬೋರ್ಡುಗಳಲ್ಲಿ ಡಿಡಿಆರ್4ರದೂ ಇದೆ, ಡಿಡಿಆರ್5ರದೂ ಇದೆ. ರ‍್ಯಾಮಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರುವುದಿಲ್ಲ.

‘ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್’ ಅಂತ ಬರೆದು ಅಗ್ಗಕ್ಕೆ ಮಾರುವ ರೆಡಿ ಪಿಸಿಗಳ ಬಗ್ಗೆ ಕೇಳುವವರು ತುಂಬ ಜನ. ಬಹುತೇಕ ಅದರೊಳಗಿರುವುದು 2012ರ ಐ7-3770 ಮತ್ತು 2014ರ ಜಿಟಿ 730. ವಿಂಡೋಸ್ 11 ಆ ಪ್ರೊಸೆಸರನ್ನು ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ7 ಅನ್ನುವುದು ವರ್ಗದ ಹೆಸರು. ನೋಡಬೇಕಾದದ್ದು ಅದರ ಮುಂದಿನ ಅಂಕಿ.

ಬೋರ್ಡಿಗೆ ಬಿ550 ತೆಗೆದುಕೊಂಡೆ. ನಾಲ್ಕು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್, ಪಿಸಿಐಇ 4.0, ವೋಲ್ಟೇಜ್ ಭಾಗದ ಮೇಲೆ ಹೀಟ್‌ಸಿಂಕ್ ಇರುವುದು. ಮುಂದೆ 8 ಕೋರಿನ 5700ಎಕ್ಸ್ ಹಾಕಿದರೂ ತಡೆದುಕೊಳ್ಳುತ್ತದೆ. ದುಡ್ಡು ಸಾಲದಿದ್ದರೆ ಪಿಸಿಐಇ 3.0ರ ಎ520 ಆಗಬಹುದು. ಆರ್‌ಎಕ್ಸ್ 6600 ಎಂಟು ಲೇನ್ ಬಳಸುವುದರಿಂದ, 8 ಜಿಬಿ ಮೆಮೊರಿಯೂ ಇರುವುದರಿಂದ, 3.0 ಬೋರ್ಡಿನಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ. ಹಳೇ ಸ್ಟಾಕಿನ ಬಿ450 ತಂದರೆ ಮಾತ್ರ ತೊಂದರೆ: ಅದರ ಬಯಾಸ್ (ಪಿಸಿಯನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) 5600 ಬರುವ ಮೊದಲಿನದಾಗಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಬೋರ್ಡಿನ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ನೀವೇ ಅಪ್‌ಡೇಟ್ ಮಾಡಬಹುದು. ಇಲ್ಲದಿದ್ದರೆ ಕೊಳ್ಳುವಾಗಲೇ ಅಂಗಡಿಯವರ ಕೈಯಲ್ಲಿ ಮಾಡಿಸಿಕೊಳ್ಳಿ.

ರ‍್ಯಾಮ್ ಡಿಡಿಆರ್4 3200 (ಇದು ವೇಗ), ಸಿಎಲ್16 (ಇದು ಉತ್ತರ ಕೊಡಲು ಹಿಡಿಯುವ ವಿಳಂಬ), 8 ಜಿಬಿಯ ಎರಡು ಕಡ್ಡಿ. ‘ಈಗ 16ರದ್ದು ಒಂದು ಹಾಕಿ, ಆಮೇಲೆ ಇನ್ನೊಂದು ಸೇರಿಸಿ’ ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರ್‌ಗೆ ಡೇಟಾ ಬರುವ ದಾರಿ ಅರ್ಧ. ಆಮೇಲೆ ತರುವ ಕಡ್ಡಿ ಬೇರೆ ಚಿಪ್ಪಿನದಾಗಿದ್ದರೆ ಎರಡೂ ಸೇರಿ ಪೂರ್ತಿ ವೇಗದಲ್ಲಿ ಓಡುತ್ತವೆ ಅನ್ನುವ ಖಾತರಿಯೂ ಇಲ್ಲ. ಎಸ್‌ಎಸ್‌ಡಿ ಎನ್‌ವಿಎಂಇ (ಪಿಸಿಐಇ ದಾರಿ ಬಳಸುವ ಬಗೆ) ಇರಲಿ. ಎಂ.2 ಆಕಾರದಲ್ಲೇ ಹಳೇ ಬಗೆಯ ಸಾಟಾ ಕೂಡ ಬರುತ್ತದೆ, ಅದರ ವೇಗ ತೀರಾ ಕಡಿಮೆ. 500 ಜಿಬಿಯದು ವಿಂಡೋಸ್‌ನಲ್ಲಿ ಕಾಣುವುದು 465. ವಿಂಡೋಸ್ ಜೊತೆ ನೂರು ಜಿಬಿ ದಾಟುವ ಆಟಗಳು ನಾಲ್ಕು ಸೇರಿದರೆ ಅಲ್ಲಿಗೆ ಮುಗಿಯಿತು.

ಈಗ ಎಸ್‌ಎಂಪಿಎಸ್. ನಾನು ಅತಿ ಹೆಚ್ಚು ಹೊತ್ತು ಕೂತು ಆರಿಸಿದ್ದು ಇದನ್ನೇ. ಇದು ಕೆಟ್ಟರೆ ಒಂಟಿಯಾಗಿ ಕೆಡುವುದಿಲ್ಲ, ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕೊಂಡೊಯ್ಯಬಹುದು. ಲೆಕ್ಕ ಸರಳ: ಕಾರ್ಡಿಗೆ 132 ವ್ಯಾಟ್, ಪ್ರೊಸೆಸರ್‌ಗೆ ಹೆಚ್ಚೆಂದರೆ 90, ಬೋರ್ಡು, ರ‍್ಯಾಮ್, ಫ್ಯಾನ್ ಎಲ್ಲಾ ಸೇರಿ 50. ಒಟ್ಟು 300ರ ಒಳಗೆ. ಹಾಗಿದ್ದರೂ 550 ವ್ಯಾಟ್ ಯಾಕೆ ಅಂದರೆ ಕಾರ್ಡು ಕ್ಷಣಾರ್ಧದಲ್ಲಿ ತನ್ನ ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತದೆ, ಮುಂದೆ ದೊಡ್ಡ ಕಾರ್ಡಿಗೂ ಜಾಗ ಬೇಕು. ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಪಕ್ಕಕ್ಕೆ ಅಂಟಿಸಿದ ಪಟ್ಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ. ಒಳ್ಳೆಯ 550 ವ್ಯಾಟಿನದರಲ್ಲಿ ಅಲ್ಲಿ 40 ಆಂಪಿಯರ್‌ಗಿಂತ ಹೆಚ್ಚಿರುತ್ತದೆ. 12ನ್ನು ಆ ಅಂಕಿಯಿಂದ ಗುಣಿಸಿ. ಬಂದದ್ದು ಹೆಚ್ಚು ಕಡಿಮೆ ಪೂರ್ತಿ ವ್ಯಾಟ್‌ಗೆ ಸಮ ಇರಬೇಕು. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ‘450 ವ್ಯಾಟ್’ನಲ್ಲಿ ಈ ಗುಣಾಕಾರ ಮಾಡಿದರೆ 200ರ ಆಸುಪಾಸು ಬರುವುದುಂಟು. 80 ಪ್ಲಸ್ ಬ್ರಾಂಜ್ ಗುರುತು (ಕರೆಂಟ್ ಹೆಚ್ಚು ಪೋಲಾಗುವುದಿಲ್ಲ ಅನ್ನುವುದಕ್ಕೆ), ಕಂಪನಿಯ 5 ವರ್ಷದ ವಾರಂಟಿ ಇರುವುದನ್ನು ತನ್ನಿ. ಹಾರ್ಡ್‌ಡಿಸ್ಕಿನ ನಾಲ್ಕು ಪಿನ್ನಿನ ಕೇಬಲ್‌ನಿಂದ ಕಾರ್ಡಿನ 8-ಪಿನ್ ಮಾಡುವ ಅಡಾಪ್ಟರ್ ಬಳಸಲೇಬಾರದು, ಆ ತೆಳು ತಂತಿ ಬಿಸಿಯಾಗಿ ಕರಗಬಹುದು. ಬಿಚ್ಚಿ ಹಾಕುವ ಕೇಬಲ್ ಇದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಇದಕ್ಕೆ ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಒಳಗೆ ಪಿನ್‌ಗಳ ಕ್ರಮ ಬೇರೆ, ಎಸ್‌ಎಸ್‌ಡಿ ಸುಟ್ಟುಹೋಗಬಹುದು.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅಂದರೆ ಸಾಮಾನ್ಯವಾಗಿ ತಪ್ಪು ಪಿಸಿಯದಲ್ಲ, ಗೋಡೆಯ ಪಾಯಿಂಟಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ವಿದ್ಯುತ್ ಭೂಮಿಗೆ ಹೋಗಲು ದಾರಿಯಿಲ್ಲದೆ ತಗಡಿನ ಮೇಲೆ ನಿಂತಿರುತ್ತದೆ. ಎಲೆಕ್ಟ್ರಿಷಿಯನ್‌ನ ಕರೆಸಿ ಸರಿಮಾಡಿಸಿ, ಆಮೇಲೆ ಪಿಸಿ ಹಚ್ಚಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಬೇಕು. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್, ಅದು ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಮಾತ್ರ.

ಕ್ಯಾಬಿನೆಟ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಮುಂಭಾಗ ಗಾಜಿನ ಬದಲು ಜಾಲರಿ ಇರಲಿ, ಮುಂದೆ ಎರಡು, ಹಿಂದೆ ಒಂದು ಫ್ಯಾನ್ ಇರಲಿ, ಕಾರ್ಡಿನ ಉದ್ದ ಹಿಡಿಸಲಿ.

ಬೆಂಗಳೂರಿನವರು ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗುವುದಾದರೆ ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು ಬರೆದ ಚೀಟಿ ಹಿಡಿದು ಮೂರು ಅಂಗಡಿಯಲ್ಲಿ ಕೊಟೇಶನ್ ಕೇಳಿ. ‘550 ವ್ಯಾಟ್ ಎಸ್‌ಎಂಪಿಎಸ್’, ‘16 ಜಿಬಿ ರ‍್ಯಾಮ್’ ಅಂತಷ್ಟೇ ಬರೆದ ಕೊಟೇಶನ್ ಒಪ್ಪಬೇಡಿ, ಅಗ್ಗದ ಪಾರ್ಟು ನುಸುಳುವುದು ಅಲ್ಲೇ. ಬಿಲ್ ಬೇಡ ಅಂದರೆ ಬೆಲೆ ಇಳಿಸುತ್ತೇವೆ ಅನ್ನುವವರೂ ಇದ್ದಾರೆ. 18% ಜಿಎಸ್‌ಟಿ ಉಳಿಯಿತು ಅನ್ನಿಸುತ್ತದೆ, ವಾರಂಟಿ ಕೇಳಲು ಹೋದಾಗ ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪ್ರೊಸೆಸರ್ ‘ಟ್ರೇ’ (ಬಾಕ್ಸಿಲ್ಲದೆ ಬಿಡಿಯಾಗಿ ಮಾರುವುದು) ಬೇಡ. ಬಾಕ್ಸಿನದಕ್ಕೆ ಎಎಂಡಿಯ 3 ವರ್ಷದ ವಾರಂಟಿ ಇದೆ, ಕೂಲರೂ ಒಳಗೇ ಬರುತ್ತದೆ.

ಜೋಡಿಸುವಾಗ ಕೈ ತಪ್ಪುವ ಜಾಗ ಆ ಕೂಲರೇ. ರೇತ್ ಸ್ಟೆಲ್ತ್ ಅನ್ನುವ ಈ ಕೂಲರ್ ಕೂರಬೇಕಾದರೆ ಮೊದಲು ಸಾಕೆಟ್‌ನ ಎರಡು ಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆಯಬೇಕು. ನಾಲ್ಕನೇ ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿನ ಲೋಹದ ತಟ್ಟೆ ಕಳಚಿ ಕೆಳಗೆ ಬೀಳುತ್ತದೆ. ಒಂದು ಕೈ ಹಿಂದೆ ಹಿಡಿದೇ ಬಿಚ್ಚಿ. ಕೂಲರಿನ ಸ್ಪ್ರಿಂಗ್ ಸ್ಕ್ರೂಗಳು ಕಚ್ಚಿಕೊಳ್ಳುವುದು ಆ ತಟ್ಟೆಗೇ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಎರಡೆರಡು ಸುತ್ತಿನಂತೆ ಬಿಗಿಯಿರಿ. ಒಂದೇ ಬದಿ ಪೂರ್ತಿ ಬಿಗಿದರೆ ಕೂಲರ್ ವಾಲಿ ಒಂದು ಮೂಲೆ ಬಿಸಿಯಾಗುತ್ತದೆ. ಪೇಸ್ಟ್ ಅಡಿಯಲ್ಲಿ ಹಚ್ಚಿಯೇ ಬಂದಿರುತ್ತದೆ, ಬೆರಳು ತಾಗಿಸಬೇಡಿ. ಮುಂದೆ ಯಾವತ್ತಾದರೂ ಕೂಲರ್ ತೆಗೆಯುವಾಗ ಪಿಸಿಯನ್ನು ಹತ್ತು ನಿಮಿಷ ಓಡಿಸಿ, ಆಫ್ ಮಾಡಿ ಕೇಬಲ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಎತ್ತಿ. ನೇರ ಎಳೆದರೆ ಒಣಗಿದ ಪೇಸ್ಟ್ ಪ್ರೊಸೆಸರನ್ನೂ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್‌ಗಳು ಬಗ್ಗುತ್ತವೆ.

ರ‍್ಯಾಮ್ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇ ಪೋರ್ಟ್ ಕೇಬಲ್ ಕಾರ್ಡಿಗೇ ಹಾಕಬೇಕು, ಬೋರ್ಡಿಗಲ್ಲ. ಪರದೆ ಬರುತ್ತಿಲ್ಲ ಅನ್ನುವ ಬಹಳಷ್ಟು ದೂರುಗಳಿಗೆ ಕಾರಣ ಇದು, ಅಥವಾ ಪ್ರೊಸೆಸರ್ ಪಕ್ಕದ 8-ಪಿನ್ ಪವರ್ ಸಿಕ್ಕಿಸದೇ ಇರುವುದು.

ಪಿಸಿ ಆನ್ ಆದ ಮೇಲೆ ಮೊದಲು ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 3200ರ ರ‍್ಯಾಮ್ 2133ಕ್ಕೋ 2400ಕ್ಕೋ ಓಡುತ್ತಲೇ ಇರುತ್ತದೆ. ಅಲ್ಲೇ ರೀಸೈಸ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಪೂರ್ತಿ ಮುಟ್ಟಲು ಬಿಡುವ ಸೌಲಭ್ಯ), ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ, ಟಿಪಿಎಂ ಅನ್ನುವ ಭದ್ರತೆಯ ಭಾಗ) ಆನ್ ಇವೆಯಾ ನೋಡಿ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಹರ್ಟ್ಸ್ ಬದಲಿಸಿ. 165ರ ಮಾನಿಟರ್ ಕೂಡ ಮೊದಲು 60ರಲ್ಲೇ ನಿಂತಿರುತ್ತದೆ.

ಕೊನೆಗೆ ಕಾರ್ಡಿನ ಬಳಕೆ, ಶಾಖ ತೋರಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿಕೊಂಡು, ನೀವು ಆಡುವ ಆಟವನ್ನೇ ಅರ್ಧ ಗಂಟೆ ಆಡಿ ಅಂಕಿಗಳನ್ನು ನೋಡಿ. ಭಾರದ ಆಟದಲ್ಲಿ ಕಾರ್ಡಿನ ಬಳಕೆ 95%ರ ಮೇಲಿದ್ದರೆ ಕಾರ್ಡು ಪೂರ್ತಿ ದುಡಿಯುತ್ತಿದೆ. 60-70%ರಲ್ಲಿ ನಿಂತು ಎಫ್‌ಪಿಎಸ್ ಏರಿಳಿಯುತ್ತಿದ್ದರೆ ಮೊದಲು ರ‍್ಯಾಮಿನ ವೇಗ, ಆಮೇಲೆ ಪ್ರೊಸೆಸರ್ ಶಾಖ ನೋಡಿ. 5600ರ ಮಿತಿ 90 ಡಿಗ್ರಿ. ಬಾಕ್ಸಿನ ಕೂಲರ್‌ನಲ್ಲಿ ಆಟ ಆಡುವಾಗ 70ರಿಂದ 80 ಡಿಗ್ರಿ ಸಹಜ. 88 ದಾಟುತ್ತಿದ್ದರೆ ಸ್ಕ್ರೂ ಸರಿಯಾಗಿ ಕೂತಿಲ್ಲ ಅಥವಾ ಕೂಲರಿನ ಫ್ಯಾನ್ ತಂತಿ ‘ಸಿಪಿಯು ಫ್ಯಾನ್’ ಅಂತ ಬರೆದ ಪಿನ್ನಿಗೆ ಹೋಗಿಲ್ಲ.