ವಿಥ್‌ಡ್ರಾವಲ್‌ನಲ್ಲಿರುವ ಎಳೆಮಗುವಿನ ಆರೈಕೆ: ಟೆನೆಸ್ಸಿಯಲ್ಲಿ ನನ್ನ ಅನುಭವ

ಬಸುರಿನಲ್ಲಿ ತಾಯಿ ತೆಗೆದುಕೊಂಡ ಹೆರಾಯಿನ್‌ನಂಥ ಡ್ರಗ್ (ಒಪಿಯಾಯ್ಡ್) ಹುಟ್ಟಿದೊಡನೆ ಒಮ್ಮೆಗೇ ನಿಂತುಹೋದಾಗ ಮಗು ಪಡುವ ಪಾಡೇ ವಿಥ್‌ಡ್ರಾವಲ್. ಹುಟ್ಟಿದ ಮೊದಲ ದಿನ ಈ ಮಕ್ಕಳನ್ನು ನೋಡಿದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಹಾಲು ಕುಡಿದು ಮಲಗಿರುತ್ತವೆ. ಆಮೇಲೆ ಶುರು. ಕೀರಲು ದನಿಯ ಅಳು, ಕೈಕಾಲು ನಡುಕ, ಮೇಲಿಂದ ಮೇಲೆ ಸೀನು, ಆಕಳಿಕೆ, ನೀರುನೀರು ಭೇದಿ. ಮುಷ್ಟಿಯನ್ನು ಬಾಯಿಗಿಟ್ಟು ಚೀಪುತ್ತಲೇ ಇರುತ್ತವೆ, ಆದರೆ ಬಾಟಲಿ ಕೊಟ್ಟರೆ ಒಂದೇ ಹದದಲ್ಲಿ ಎಳೆದು ಕುಡಿಯಲು ಬರುವುದಿಲ್ಲ. ತಾಯಿ ಹೆರಾಯಿನ್ ತೆಗೆದುಕೊಳ್ಳುತ್ತಿದ್ದರೆ ಇದು ಸಾಮಾನ್ಯವಾಗಿ ಒಂದು ದಿನದೊಳಗೆ ಕಾಣಿಸುತ್ತದೆ, ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್ ಆದರೆ ಎರಡು ಮೂರು ದಿನ ಬಿಟ್ಟು. ಅದಕ್ಕೇ ಮೆಥಡೋನ್ ಅಥವಾ ಅಂಥದ್ದೇ ಔಷಧಿಯಾದ ಬ್ಯುಪ್ರೆನಾರ್ಫಿನ್ ಮೇಲಿರುವ ತಾಯಂದಿರ ಮಕ್ಕಳನ್ನು 4ರಿಂದ 7 ದಿನ ಇಟ್ಟುಕೊಂಡು ನೋಡುತ್ತೇವೆ.

ನಾನು ಪೂರ್ವ ಟೆನೆಸ್ಸಿಯಲ್ಲಿ, ಅಪಲೇಶಿಯನ್ ಗುಡ್ಡಗಳ ಕಡೆ, ಎನ್‌ಐಸಿಯು (ಎಳೆಮಕ್ಕಳ ತೀವ್ರ ನಿಗಾ ಘಟಕ) ನರ್ಸ್. ಡಾಕ್ಟರೇ ಬರೆದುಕೊಟ್ಟ ನೋವಿನ ಮಾತ್ರೆಯಿಂದ ಚಟ ಹತ್ತಿಸಿಕೊಂಡವರು ಈ ಭಾಗದಲ್ಲಿ ತುಂಬಾ ಜನ. ಇಂಥ ಮಕ್ಕಳ ಲೆಕ್ಕವನ್ನು ಆರೋಗ್ಯ ಇಲಾಖೆಗೆ ಕಳಿಸಲೇಬೇಕು ಎಂದು ಈ ರಾಜ್ಯ 2013ರಲ್ಲೇ ಕಡ್ಡಾಯ ಮಾಡಿತ್ತು.

ಊರಿಗೆ ಫೋನ್ ಮಾಡಿದಾಗ ಅಕ್ಕ ಕೇಳುವುದು ಒಂದೇ ಪ್ರಶ್ನೆ: "ಬಸುರಿ ಅಂತ ಗೊತ್ತಾದ ಮೇಲೂ ಬಿಡೋಕಾಗಲ್ವಾ ಅವರಿಗೆ?" ಒಮ್ಮೆಗೇ ಬಿಟ್ಟವರು ಮತ್ತೆ ಶುರುಮಾಡುವುದೇ ಜಾಸ್ತಿ, ಹಾಗೆ ಮರಳಿದಾಗ ಡೋಸ್ ಮಿತಿಮೀರಿ ಪ್ರಾಣವೇ ಹೋಗಬಹುದು. ಅದಕ್ಕೆ ಡಾಕ್ಟರ ಕಣ್ಗಾವಲಿನಲ್ಲಿ ಬಸುರಿನುದ್ದಕ್ಕೂ, ಹೆರಿಗೆ ಆದ ಮೇಲೂ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುತ್ತಾರೆ. ಅದೂ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಹೊಕ್ಕುಳಬಳ್ಳಿ ಕತ್ತರಿಸಿದಾಗ ನಿಂತುಹೋಗುತ್ತದೆ, ಮಗು ನಡುಗುತ್ತದೆ. ಆದರೆ ಆ ನಡುಕಕ್ಕೆ ಚಿಕಿತ್ಸೆ ಇದೆ. ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ ಮದ್ಯದ್ದು. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣಬಹುದು, ಮಿದುಳಿಗೆ ಆದ ಪೆಟ್ಟು ಮಾತ್ರ ಜೀವನಪೂರ್ತಿ ಉಳಿಯುತ್ತದೆ.

ಇನ್ನು ಆರೈಕೆ. ಮೊದಲು ನಾವು ಫಿನ್ನೆಗನ್ ಸ್ಕೋರ್ ಹಾಕುತ್ತಿದ್ದೆವು. 1975ರ ಹೊತ್ತಿಗೆ ಬಂದ ಪಟ್ಟಿ ಅದು: ಸೀನಿಗೆ ಇಷ್ಟು ಅಂಕ, ನಡುಕಕ್ಕೆ ಇಷ್ಟು, ಬೆವರಿಗೆ ಇಷ್ಟು. ಸತತ ಮೂರು ಸಲ 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಿಥ್‌ಡ್ರಾವಲ್ ತಗ್ಗಿಸಲು ಮಾರ್ಫಿನ್ ಹನಿ. ತೊಂದರೆ ಏನೆಂದರೆ ಒಬ್ಬ ನರ್ಸ್ 7 ಹಾಕಿದ ಮಗುವಿಗೆ ಇನ್ನೊಬ್ಬಳು 10 ಹಾಕುತ್ತಾಳೆ, ಮೇಲಾಗಿ ಕಷ್ಟಪಟ್ಟು ಮಲಗಿದ ಮಗುವನ್ನು ಎಬ್ಬಿಸಿ ಅಂಕ ಹಾಕಿದರೆ ಅದು ಅಳದೆ ಇನ್ನೇನು ಮಾಡುತ್ತದೆ ಹೇಳಿ.

ಈಗ ನೋಡುವುದು ಮೂರೇ. ಮಗು ಒಂದು ಔನ್ಸ್, ಅಂದರೆ ಸುಮಾರು 30 ಎಂಎಲ್ ಕುಡಿಯುತ್ತಾ, ಅಥವಾ ಮೊಲೆಹಾಲು ಚೆನ್ನಾಗಿ ಕುಡಿಯುತ್ತಾ? ಒಂದು ಗಂಟೆ ಎಡೆಬಿಡದೆ ಮಲಗುತ್ತಾ? ಅತ್ತರೆ 10 ನಿಮಿಷದೊಳಗೆ ಸಮಾಧಾನ ಆಗುತ್ತಾ? ಆಗುತ್ತಿದ್ದರೆ ಸೀನಲಿ ಬಿಡಿ, ಮಾರ್ಫಿನ್ ಬೇಡ. 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಹಳೆಯ ಪದ್ಧತಿಯಲ್ಲಿ ಶೇ. 52ರಷ್ಟು ಮಕ್ಕಳಿಗೆ ಔಷಧಿ ಬೇಕಾಗಿತ್ತು, ಹೀಗೆ ನೋಡಿಕೊಂಡಾಗ ಶೇ. 19.5ಕ್ಕೆ ಇಳಿಯಿತು. ಮನೆಗೆ ಹೋಗಲು ತಯಾರಾಗುವ ಸಮಯವೂ ಸರಾಸರಿ 14.9 ದಿನದಿಂದ 8.2ಕ್ಕೆ ಬಂತು.

ಸಮಾಧಾನ ಮಾಡುವುದು ಹೇಗೆ? ಲೈಟ್ ಮಂಕು ಮಾಡಿ, ಮಾತು ತಗ್ಗಿಸಿ, ಟಿವಿ ಆಫ್. ಬಟ್ಟೆಯಲ್ಲಿ ಬಿಗಿಯಾಗಿ, ಕೈಗಳು ಎದೆಯ ಹತ್ತಿರ ಬರುವಂತೆ ಸುತ್ತಬೇಕು, ಸೊಂಟದ ಕೆಳಗೆ ಸ್ವಲ್ಪ ಸಡಿಲ ಇರಲಿ. ಬೆನ್ನು ಬಾಗಿಸಿ ಮುದುರಿದ ಹಾಗೆ ಎತ್ತಿಕೊಂಡು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು. ನಾನು ತೊಟ್ಟಿಲು ತೂಗುವ ಊರಿನವಳು, ಎಡಕ್ಕೆ ಬಲಕ್ಕೆ ತೂಗುವುದೇ ಕೈಗೆ ಬರುತ್ತಿತ್ತು. ಈ ಮಕ್ಕಳಿಗೆ ಅದು ಎಷ್ಟೋ ಸಲ ಹಿಡಿಸುವುದಿಲ್ಲ, ಇನ್ನಷ್ಟು ಕಿರಿಕಿರಿ. ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಾ ಆಡಿಸುತ್ತಾ ಎಲ್ಲ ಒಟ್ಟಿಗೆ ಮಾಡಬಾರದು, ಒಂದು ಸಲಕ್ಕೆ ಒಂದೇ. ಹಾಲು ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ತೂಕ ಇಳಿಯುತ್ತಿದ್ದರೆ ಕ್ಯಾಲೊರಿ ಜಾಸ್ತಿ ಮಾಡಿದ ಹಾಲು. ಭೇದಿಯಿಂದ ಕುಂಡೆ ಕೆಂಪಾಗಿ ಸಿಪ್ಪೆ ಏಳುತ್ತದೆ, ಹಾಗಾಗಿ ಪ್ರತಿ ಡೈಪರ್‌ಗೂ ಜಿಂಕ್ ಕ್ರೀಮ್ ದಪ್ಪಗೆ.

ಇಷ್ಟೆಲ್ಲ ಮಾಡಲು ದಿನಪೂರ್ತಿ ಒಂದು ಜೋಡಿ ಕೈ ಬೇಕು. ವಾರ್ಡಿನಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ನೋಡಿಕೊಳ್ಳುವ ನರ್ಸ್‌ಗೆ ಅದು ಸಾಧ್ಯವೇ ಇಲ್ಲ. ಆ ಕೈ ತಾಯಿಯದ್ದೇ ಆಗಬೇಕು. ಆದರೆ ಅವಳು ಬಾಗಿಲಲ್ಲೇ ನಮ್ಮ ಮುಖ ಓದುತ್ತಾಳೆ. ಒಂದು ಕೊಂಕು ಸಾಕು, ಸಿಗರೇಟು ಸೇದಿ ಬರುತ್ತೇನೆ ಅಂತ ಹೋದವಳು ಸಂಜೆಯಾದರೂ ಬರುವುದಿಲ್ಲ. ಈ ರಾಜ್ಯದಲ್ಲಿ 2014ರಿಂದ 2016ರವರೆಗೆ ಇಂಥ ತಾಯಂದಿರ ಮೇಲೆ ಹಲ್ಲೆಯ ಕೇಸು ಹಾಕಬಹುದು ಎಂಬ ಕಾನೂನೇ ಇತ್ತು. ಆ ಭಯಕ್ಕೆ ಬಸುರಿನಲ್ಲಿ ಆಸ್ಪತ್ರೆ ಕಡೆ ತಲೆ ಹಾಕದವರೂ ಇದ್ದರು. ಹಾಗಾಗಿ ನಾನು ಹಿಂದಿನ ಕಥೆ ಕೇಳುವುದಿಲ್ಲ. ಕುರ್ಚಿ ಎಳೆದು ಕೂರಿಸಿ, ಮಗುವನ್ನು ಎದೆ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸುತ್ತೇನೆ. ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು, ಬೇರೆ ಡ್ರಗ್ ಇಲ್ಲದಿದ್ದರೆ, ಆರೋಗ್ಯದ ಬೇರೆ ಅಡ್ಡಿಯೂ ಇಲ್ಲದಿದ್ದರೆ ಮೊಲೆಹಾಲು ಕೊಡಬಹುದು, ಮೆಥಡೋನ್ ಅದರಲ್ಲಿ ಹೋಗುವುದು ತೀರಾ ಕಡಿಮೆ.

ಮನೆಗೆ ಕಳಿಸುವಾಗ ಹೇಳುವುದು: ಕಿರಿಕಿರಿ, ನಿದ್ದೆಗೇಡು ಇನ್ನೂ ಕೆಲವು ವಾರ, ಕೆಲವಕ್ಕೆ ತಿಂಗಳುಗಟ್ಟಲೆ ಇರಬಹುದು. ಮೊಲೆಹಾಲು ಒಮ್ಮೆಗೇ ಬಿಡಿಸಬೇಡ, ನಿನ್ನ ಔಷಧಿಯನ್ನೂ ನೀನೇ ನಿಲ್ಲಿಸಬೇಡ. ಅಂಗಾತ, ಬೇರೆ ಹಾಸಿಗೆಯಲ್ಲಿ ಮಲಗಿಸು. ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಮಗುವನ್ನು ಕ್ರಿಬ್‌ನಲ್ಲಿ ಬಿಟ್ಟು ಹೊರಗೆ ಹೋಗಿ ವಾರ್ಡಿಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.